ಒಂದು ಸಾಲು ಜಾರಿದ ಕೆಂಪು

ವಿದ್ಯೆಯಿಂದ ಗೌರವ ಸಿಗುತ್ತದೆ ಎಂಬುದು ನಮ್ಮ ಶಾಲೆಯ ಮೇಷ್ಟ್ರುಗಳು ಸದುದ್ದೇಶದಿಂದ ಹಬ್ಬಿಸಿದ ಸುಳ್ಳು. ಗೌರವ ಸಿಗುವುದು ನಮಗೆ ಗೊತ್ತಿರುವ ವಿದ್ಯೆಯಿಂದಲ್ಲ, ಪಕ್ಕದ ಮೇಜಿನವರಿಗೆ ಗೊತ್ತಿಲ್ಲದ ವಿದ್ಯೆಯಿಂದ. ಇದು ನನಗೆ ಅರ್ಥವಾಗುವ ಹೊತ್ತಿಗೆ ನಲವತ್ತಾರು ವರ್ಷವಾಗಿತ್ತು. ಆ ವಯಸ್ಸಿನಲ್ಲಿ ಕೆಲವರಿಗೆ ಅಧ್ಯಾತ್ಮ ಒಲಿಯುತ್ತದೆ, ಕೆಲವರಿಗೆ ಥೈರಾಯ್ಡ್ ಒಲಿಯುತ್ತದೆ. ನನಗೆ ಸ್ಪ್ರೆಡ್‌ಶೀಟಿನ ಖಾನೆಗಳು ತಾವಾಗಿಯೇ ಬಣ್ಣ ಬದಲಿಸುವಂತೆ ಮಾಡುವ ವಿದ್ಯೆ ಒಲಿಯಿತು. ಅದರಿಂದ ಆಫೀಸಿನಲ್ಲಿ ಅರ್ಧ ವರ್ಷ ಭಾರಿ ಮರ್ಯಾದೆ ಅನುಭವಿಸಿದೆ. ಆ ಮರ್ಯಾದೆಗೆ ಬೆಲೆ ತೆತ್ತವರು ಮಾತ್ರ ಬೇರೆಯವರು. ಅದನ್ನು ಯಾರ ಬಳಿಯಾದರೂ ಹೇಳಿಕೊಳ್ಳಬೇಕು. ದೆಹಲಿಯಲ್ಲಿ ಕನ್ನಡ ಓದುವವರು ನನ್ನ ಆಫೀಸಿನಲ್ಲಿ ಒಬ್ಬರೂ ಇಲ್ಲವಾದ್ದರಿಂದ ಇಲ್ಲಿ ಹೇಳಿಕೊಳ್ಳುವುದೇ ಕ್ಷೇಮ.

ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು. ಹಳಗನ್ನಡ ಪದ್ಯ ಕೊಟ್ಟರೆ ಪದ ಬಿಡಿಸಿ, ಅನ್ವಯ ಮಾಡಿ, ಅರ್ಥ ಹೇಳುವುದರಲ್ಲಿ ಇಡೀ ತರಗತಿಗೆ ಮೊದಲಿಗಳು. ಮದುವೆಯಾಗಿ ದೆಹಲಿಗೆ ಬಂದ ಮೇಲೆ, ಮೊದಲು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಆಮೇಲೆ ಮಯೂರ್ ವಿಹಾರದ ಸೊಸೈಟಿ ಫ್ಲ್ಯಾಟಿನಲ್ಲಿ, ಒಬ್ಬ ಪ್ರಾಣಿಯೂ ನನ್ನನ್ನು ಅನ್ವಯ ಮಾಡಿಕೊಡಿ ಎಂದು ಕೇಳಲಿಲ್ಲ. ಮಗಳು ನಿಧಿ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಓಖ್ಲಾದ ಒಂದು ಸಿದ್ಧ ಉಡುಪಿನ ರಫ್ತು ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಗುಂಡಿ, ಜಿಪ್ಪು, ಲೇಬಲ್ಲು, ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆ, ಇವೆಲ್ಲ ಹೊತ್ತಿಗೆ ಸರಿಯಾಗಿ ಬಂದವೇ ಎಂದು ನೋಡುವುದು ನನ್ನ ಕೆಲಸ. ಬಂದಿರುವುದಿಲ್ಲ. ಬಂದಿಲ್ಲ ಎಂದು ಫೋನು ಮಾಡುವುದೂ ನನ್ನ ಕೆಲಸವೇ. ಆ ಕಡೆಯಿಂದ "ಬಸ್, ನಿಕಲ್ ಗಯಾ ಮೇಡಂ" ಎನ್ನುತ್ತಾರೆ. ಹೊರಟಿರುವುದು ಮಾಲೋ ಅವರ ಲಾರಿಯೋ ಅವರ ಪ್ರಾಣವೋ ಎಂದು ಹದಿಮೂರು ವರ್ಷವಾದರೂ ನನಗೆ ತಿಳಿದಿಲ್ಲ.

ಈ ಗುಂಡಿ ಜಿಪ್ಪುಗಳ ಪಟ್ಟಿಯಲ್ಲಿ ಯಾವುದು ತಡವಾಗಿದೆ ಎಂದು ದಿನವೂ ಕಣ್ಣಿನಿಂದ ಹುಡುಕಿ ಸಾಕಾಗಿ, ಒಂದು ದಿನ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಒಬ್ಬ ಮಹಾಶಯನ ವಿಡಿಯೊ ನೋಡಿದೆ. ಖಾನೆಗಳಿಗೆ ಒಂದು ಷರತ್ತು ಬರೆದಿಡಬೇಕು. ಬರಬೇಕಾದ ದಿನ ಕಳೆದಿದ್ದರೆ, ಮಾಲು ಬಂದ ದಿನ ಖಾಲಿಯಿದ್ದರೆ, ಆ ಸಾಲು ಕೆಂಪಾಗು, ಅಂತ. ಅದು ಆಗುತ್ತದೆ. ಷರತ್ತಿನಲ್ಲಿ ಕಾಲಮ್ಮಿನ ಅಕ್ಷರದ ಮುಂದೆ ಡಾಲರ್ ಚಿಹ್ನೆ ಹಾಕಬೇಕು. ಇಲ್ಲಿ ಡಾಲರ್ ಎಂದರೆ ದುಡ್ಡಲ್ಲ, ಮೊಳೆ. ಆ ಮೊಳೆ ಹೊಡೆದರೆ ಕಾಲಂ ಅಲ್ಲಾಡುವುದಿಲ್ಲ, ಸಾಲು ಮಾತ್ರ ಒಂದೊಂದಾಗಿ ಕೆಳಗಿಳಿಯುತ್ತ ಹೋಗುತ್ತದೆ. ಮೊದಲ ಸಲ ನನ್ನ ಪಟ್ಟಿಯಲ್ಲಿ ಹದಿನೇಳು ಸಾಲುಗಳು ಒಟ್ಟಿಗೇ ಕೆಂಪಾದಾಗ ನನಗಾದ ಆನಂದ ಮದುವೆಯ ಫೋಟೊ ಕೈಗೆ ಬಂದಾಗಲೂ ಆಗಿರಲಿಲ್ಲ. ಸಂಜೆ ದಾವಣಗೆರೆಯಿಂದ ಅಮ್ಮ ಫೋನು ಮಾಡಿ, "ಇವತ್ತೇನ್ ಕೆಲ್ಸ ಮಾಡ್ದೆ?" ಅಂದರು. "ಬಣ್ಣ ಹಚ್ಚೋದು ಕಲಿತೆ" ಅಂದೆ. "ನಿಮ್ಮಪ್ಪ ಎಂ.ಎ. ಓದಿಸಿದ್ದು ಅದಕ್ಕಾ?" ಅಂದರು.

ಈ ಕೆಂಪು ನಮ್ಮ ಜನರಲ್ ಮ್ಯಾನೇಜರ್ ಭಾಟಿಯಾ ಸಾಹೇಬರ ಕಣ್ಣಿಗೆ ಬಿತ್ತು. ಭಾಟಿಯಾ ಸಾಹೇಬರು ಅಕ್ಷರ ಓದುವವರಲ್ಲ, ಅಂಕಿಯನ್ನೂ ಓದುವವರಲ್ಲ. ಬೆನ್ನ ಹಿಂದೆ ಕೈಕಟ್ಟಿ ಎಲ್ಲರ ಕಂಪ್ಯೂಟರಿನ ಹಿಂದೆ ನಡೆದಾಡುವವರು. ನನ್ನ ಕುರ್ಚಿಯ ಹಿಂದೆ ನಿಂತು ಎರಡು ನಿಮಿಷ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಗುಡಿಯಲ್ಲಿ ಮಾತಾಡುವವರ ಹಾಗೆ, "ಶೈಲಾ ಜೀ, ಯೇ ಲಾಲ್ ರಂಗ್ ಬಹುತ್ ಅಚ್ಛಾ ಹೈ. ಇದನ್ನ ಮನುಷ್ಯರಿಗೂ ಮಾಡಬಹುದಾ?" ಎಂದು ಕೇಳಿದರು.

ಮಾಡಬಹುದು ಎಂದೆ. ಮಾಡಬಾರದು ಎಂದು ಹೇಳಲು ಬೇಕಾದ ಬುದ್ಧಿ ಆ ಕ್ಷಣದಲ್ಲಿ ನನ್ನ ಬಳಿ ಇರಲಿಲ್ಲ. ಹೊಗಳಿಕೆ ಬಂದಾಗ ಅದು ಯಾವಾಗಲೂ ಇರುವುದಿಲ್ಲ. ಹೀಗೆ ಹಾಜರಿ ಶೀಟು ಹುಟ್ಟಿತು. ಗೇಟಿನಲ್ಲಿ ಗಾರ್ಡು ಒಬ್ಬೊಬ್ಬರೂ ಬಂದ ಸಮಯವನ್ನು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ಎಚ್.ಆರ್.ನ ಪೂನಂ ಅದನ್ನು ನನ್ನ ಶೀಟಿಗೆ ತುಂಬುತ್ತಾಳೆ. ಒಂಬತ್ತೂವರೆ ದಾಟಿ ಬಂದವರ ಹೆಸರು ಕೆಂಪಾಗುತ್ತದೆ. ಹತ್ತು ಗಂಟೆಯ ಮೀಟಿಂಗಿನಲ್ಲಿ ಗೋಡೆಯ ದೊಡ್ಡ ಟೀವಿಯಲ್ಲಿ ಅದನ್ನು ಹಾಕಬೇಕು, ಮೂರು ಕೆಂಪಿಗೆ ಅರ್ಧ ದಿನದ ರಜೆ ಕತ್ತರಿಸಬೇಕು ಎಂದು ಸಾಹೇಬರು ಅಪ್ಪಣೆ ಮಾಡಿದರು. ಮೊದಲ ದಿನವೇ ಅವರಿಗೆ ಒಂದು ಆಕ್ಷೇಪ ಹೊಳೆಯಿತು. ಹೆಸರಿನ ಪಕ್ಕ ಸಮಯವೂ ಕಾಣುತ್ತಿತ್ತು. "ಟೈಮ್ ಯಾಕೆ ತೋರಿಸ್ತೀರಿ? ನೋಡಿದ್ರೆ ಜನ ವಾದ ಮಾಡ್ತಾರೆ. ಬಣ್ಣ ಸಾಕು" ಎಂದರು. ಸಮಯದ ಕಾಲಮ್ಮನ್ನು ಬಚ್ಚಿಟ್ಟೆ. ತಲೆಬರಹದ ಸಾಲಿಗೆ ಅವರಿಗೆ ಪ್ರಿಯವಾದ ಕೆಂಪನ್ನೇ ಕಾಯಂ ಆಗಿ ಬಳಿದೆ. ಅದರ ಕೆಳಗೆ ಮೊದಲ ಹೆಸರು ಸಾಹೇಬರದು, ಆಮೇಲೆ ವಿಭಾಗವಾರು ಮೂವತ್ತು ಜನ. ಹೊಸ ಉತ್ಸಾಹದಲ್ಲಿ ಮೊದಲೆರಡು ವಾರ ಸಾಹೇಬರು ಒಂಬತ್ತಕ್ಕೇ ಬಂದು ಕೂತಿರುತ್ತಿದ್ದರು.

ಎರಡನೆಯ ವಾರದಲ್ಲೇ ಒಂದು ಅನಾಹುತವಾಯಿತು. ರಜೆಯಲ್ಲಿದ್ದವರ ಮುಂದೆ ಪೂನಂ ಸಮಯದ ಬದಲು 'ಲೀವ್' ಎಂದು ಬರೆದಳು, ಅವರೆಲ್ಲ ಕೆಂಪಾದರು. ಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ್ದವರೂ ತಡವಾಗಿ ಬಂದವರಾದರು. ವಿಚಾರಿಸಿದರೆ, ಶೀಟಿನ ಶಾಸ್ತ್ರದಲ್ಲಿ ಯಾವ ಅಕ್ಷರವೇ ಆಗಲಿ ಯಾವ ಅಂಕಿಗಿಂತಲೂ ದೊಡ್ಡದಂತೆ. ಅಕ್ಷರ ದೊಡ್ಡದು ಎಂದು ಎಂ.ಎ. ತರಗತಿಯಲ್ಲಿ ಎರಡು ವರ್ಷ ಕೇಳಿದ್ದೆ. ಅದನ್ನು ನಿಜವಾಗಿ ನಂಬಿ ಆಚರಣೆಗೆ ತಂದ ಜಗತ್ತಿನ ಏಕೈಕ ಸಂಸ್ಥೆ ಇದೇ. ಅಂಕಿಯಾಗಿದ್ದರೆ ಮಾತ್ರ ಹೋಲಿಸು ಎಂದು ಷರತ್ತನ್ನು ತಿದ್ದಿ ಹೊಸದಾಗಿ ಬರೆದೆ. ಬರೆಯುವಾಗ, ಮುಂದೆ ಸೇರುವವರೂ ಇದರಲ್ಲೇ ಬರಲಿ ಎಂಬ ದೂರದೃಷ್ಟಿಯಿಂದ, ಹೆಸರಿರುವ ಸಾಲುಗಳನ್ನಷ್ಟೇ ಆಯ್ಕೆ ಮಾಡುವುದು ಬಿಟ್ಟು ತಲೆಯಿಂದ ಬುಡದವರೆಗೆ ಇಡೀ ಕಾಲಮ್ಮುಗಳನ್ನೇ ಆಯ್ಕೆ ಮಾಡಿದೆ. ದೂರದೃಷ್ಟಿಯವರಿಗೆ ಕಾಲಬುಡ ಕಾಣುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಮರುದಿನ ರಜೆಯವರೆಲ್ಲ ಬಿಳಿಯಾಗಿದ್ದರು. ಪೂನಂ ನನಗೆ ಒಂದು ಸಮೋಸಾ ತರಿಸಿಕೊಟ್ಟಳು.

ಇಲ್ಲಿ ನನ್ನ ಒಂದು ದೌರ್ಬಲ್ಯ ಹೇಳಬೇಕು. ಮಯೂರ್ ವಿಹಾರದಿಂದ ಓಖ್ಲಾಕ್ಕೆ ನಾನು ಮೆಟ್ರೊದಲ್ಲಿ ನೋಯ್ಡಾಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಮತ್ತೆ ದೆಹಲಿಗೆ ಬರುತ್ತೇನೆ. ದೆಹಲಿಯಿಂದ ದೆಹಲಿಗೆ ಉತ್ತರ ಪ್ರದೇಶದ ಮೇಲೆ ಹಾದು ಕೆಲಸಕ್ಕೆ ಹೋಗುವವಳು ಹತ್ತು ನಿಮಿಷ ಮೊದಲೇ ಮನೆ ಬಿಡಬೇಕು. ನಾನು ಬಿಡುವುದಿಲ್ಲ. ಬೀಗ ಹಾಕಿದ ಮೇಲೆ ಗ್ಯಾಸ್ ಆರಿಸಿದೆನೇ ಎಂದು ನೋಡಲು ಒಳಗೆ ಹೋಗುತ್ತೇನೆ. ಹೋದವಳು ಒಣಗಿದ ಬಟ್ಟೆ ಮಡಿಸಲು ತೊಡಗುತ್ತೇನೆ. ವಾರಕ್ಕೆ ಎರಡು ದಿನವಾದರೂ ನಾನು ಆಫೀಸು ತಲುಪುವುದು ಒಂಬತ್ತು ನಲವತ್ತಕ್ಕೆ. ಷರತ್ತು ತಿದ್ದುವ ಮೊದಲಿನ ಒಂದೂವರೆ ವಾರ ಕೆಂಪಾಗಿ ನಾಚಿದ್ದೆ. ತಿದ್ದಿದ ಮೇಲೆ ನನ್ನ ಹೆಸರು ಹಾಲಿನಂತೆ ಬೆಳ್ಳಗೆ. ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಗಾರ್ಡು ಒಳ್ಳೆಯವನು, ಹೆಂಗಸರೆಂದು ಒಂಬತ್ತೂವರೆ ಬರೆದಿರುತ್ತಾನೆ ಅಂದುಕೊಂಡೆ. ಶೀಟು ತನ್ನನ್ನು ಹೆತ್ತವಳಿಗೆ ಒಂದಿಷ್ಟು ರಿಯಾಯಿತಿ ತೋರಿಸುವುದು ಸಹಜವೇ ಅಂತಲೂ ಅಂದುಕೊಂಡೆ. ತಪ್ಪು ನಮ್ಮ ಪರವಾಗಿದ್ದಾಗ ಅದನ್ನು ತಪ್ಪು ಎಂದು ಕರೆಯುವುದಿಲ್ಲ, ಅದೃಷ್ಟ ಎನ್ನುತ್ತಾರೆ.

ಪಟ್ಟಿಯಲ್ಲಿ ನನ್ನ ಮೇಲಿನ ಹೆಸರು ರಫೀಕ್ ಮಾಸ್ಟರ್‌ಜಿಯದು. ಅವರು ನಮ್ಮ ಪ್ಯಾಟರ್ನ್ ಮಾಸ್ಟರ್. ಯಾವ ಅಂಗಿಯೇ ಆಗಲಿ ಮೊದಲು ಅವರ ಮೇಜಿನ ಮೇಲೆ ಕಾಗದದಲ್ಲಿ ಹುಟ್ಟಬೇಕು. ಐವತ್ತೆಂಟು ವರ್ಷ, ಎದೆಯ ಜೇಬಿನಲ್ಲಿ ಸೀಮೆಸುಣ್ಣ, ಕೊರಳಲ್ಲಿ ಅಳತೆ ಟೇಪು. ಸಾಹೇಬರು ಬರುವುದಕ್ಕೆ ಮೊದಲಿನಿಂದಲೂ ಆ ಕಂಪನಿಯಲ್ಲಿದ್ದವರು. ಒಂಬತ್ತೂಕಾಲಿಗೆ ಅವರ ಕತ್ತರಿಯ ಸದ್ದು ಕೇಳಿಸುತ್ತದೆ, ಅದನ್ನು ಕೇಳಿ ಉಳಿದವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ವರ್ಷವಿಡೀ ಅವರು ರಜೆ ಮುಟ್ಟುವುದಿಲ್ಲ. ಜೂನ್ ತಿಂಗಳಿನಲ್ಲಿ ಹತ್ತು ದಿನ ಬರೇಲಿಯ ಬಳಿ ಅವರ ಅಣ್ಣನ ಮನೆಗೆ ಮಾವಿನ ಹಣ್ಣು ತಿನ್ನಲು ಹೋಗುತ್ತಾರೆ. ಆ ಹತ್ತು ದಿನದ ಬಗ್ಗೆ ಮಾತಾಡುವಾಗ ಮಾತ್ರ ಅವರು ಕತ್ತರಿ ಕೆಳಗಿಡುವುದನ್ನು ನಾನು ನೋಡಿದ್ದೇನೆ.

ಫೆಬ್ರವರಿಯ ಒಂದು ಬೆಳಿಗ್ಗೆ ಅವರ ಹೆಸರು ಕೆಂಪಾಯಿತು. ಮೀಟಿಂಗಿನಲ್ಲಿ ಎಲ್ಲರೂ ತಿರುಗಿ ಅವರನ್ನು ನೋಡಿದರು. ಬಾಗಿಲ ಬಳಿ ನಿಂತಿದ್ದ ಅವರು ತಮ್ಮ ಕೈಗಡಿಯಾರ ನೋಡಿಕೊಂಡರು. ಅದೇ ವಾರ ಇನ್ನೊಮ್ಮೆ ಕೆಂಪು. ಮರುವಾರ ಅವರು ಒಂಬತ್ತಕ್ಕೇ ಬರತೊಡಗಿದರು. ಆಗಲೂ ಎರಡು ದಿನ ಕೆಂಪು. ಎಂಟೂವರೆಗೆ ಬಂದರು, ಕೆಂಪು. "ಮಾಸ್ಟರ್‌ಜಿ, ಯೇ ಕ್ಯಾ ಹೋ ರಹಾ ಹೈ? ನೀವೇ ಹೀಗೆ ಮಾಡಿದ್ರೆ ಉಳಿದವರಿಗೆ ಏನು ಹೇಳಲಿ?" ಎಂದು ಭಾಟಿಯಾ ಸಾಹೇಬರು ಎಲ್ಲರೆದುರು ಕೇಳಿದರು. ಪೂನಂ ತನ್ನ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಒಂದು ಗೀಟು ಎಳೆದಳು. ಬಣ್ಣವನ್ನು ಎಣಿಸಲು ಶೀಟಿಗೆ ಬರುವುದಿಲ್ಲವಾದ್ದರಿಂದ ಅವಳು ಗೋಡೆ ನೋಡಿ ಕೈಯಲ್ಲೇ ಎಣಿಸುತ್ತಿದ್ದಳು. ಬಚ್ಚಿಟ್ಟ ಕಾಲಮ್ಮಿನಲ್ಲಿ ಮಾಸ್ಟರ್‌ಜಿಯ ಮುಂದೆ ಎಂಟೂವರೆ ಎಂದು ಬರೆದವಳೂ ಅವಳೇ. ಬರೆಯುವಾಗ ನೋಡುತ್ತಿದ್ದಳು, ಎಣಿಸುವಾಗ ನೋಡುತ್ತಿದ್ದಳು. ಎರಡನ್ನೂ ಒಟ್ಟಿಗೆ ನೋಡುವುದು ಅವಳ ಕೆಲಸದ ವಿವರದಲ್ಲಿ ಇರಲಿಲ್ಲ.

ಮಿಕ್ಕವರು ಗಲಾಟೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಆಫೀಸಿನಲ್ಲಿ ತಡವಾಗಿ ಬರುವ ಗುಣ ಎಷ್ಟು ಸಮನಾಗಿ ಹಂಚಿಹೋಗಿತ್ತೆಂದರೆ, ಒಬ್ಬರ ಕೆಂಪು ಇನ್ನೊಬ್ಬರಿಗೆ ಬಿದ್ದರೂ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಕೆಂಪಾದವನಿಗೆ ತಾನು ನಿನ್ನೆಯೋ ಮೊನ್ನೆಯೋ ಲೇಟಾದದ್ದು ನೆನಪಿರುತ್ತಿತ್ತು, ಸುಮ್ಮನಿರುತ್ತಿದ್ದ. ಬಿಳಿಯಾದವನು ದೇವರಿಗೆ ಕೈಮುಗಿದು ಸುಮ್ಮನಿರುತ್ತಿದ್ದ. ಒಮ್ಮೆಯೂ ತಡವಾಗದ ಒಬ್ಬರೇ ಒಬ್ಬರಿಗೆ ಮಾತ್ರ ಇದು ಅರ್ಥವಾಗುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಅವರು ನನ್ನ ಮೇಜಿನ ಬಳಿ ಬಂದು ನಿಂತರು. "ಮೇಡಂ, ಒಂದು ಮಾತು. ಇವತ್ತು ನಾನು ಎಂಟೂಕಾಲಿಗೆ ಬಂದೆ. ನಿಮ್ಮ ಮಷೀನು ಎಷ್ಟು ಬರೆದಿದೆ?" ಎಂದು ಹಿಂದಿಯಲ್ಲಿ ಕೇಳಿದರು. ಆ ಹೊತ್ತಿಗೆ ಒಂದು ಕಂಟೇನರು ಜಿಪ್ಪು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು, ನನ್ನ ಕಿವಿಯಲ್ಲಿ ಫೋನಿತ್ತು. ಬಚ್ಚಿಟ್ಟ ಕಾಲಮ್ಮನ್ನು ತೆರೆಯಲು ಮೌಸನ್ನು ಎರಡು ಸಲ ಒತ್ತಬೇಕು. ಒತ್ತಲಿಲ್ಲ. "ಕಂಪ್ಯೂಟರ್ ಸುಳ್ಳು ಹೇಳಲ್ಲ ಮಾಸ್ಟರ್‌ಜಿ" ಅಂದೆ. ನಗುತ್ತಲೇ ಅಂದೆ. ಅವರು "ಅಚ್ಛಾ" ಎಂದು ತಲೆಯಾಡಿಸಿ ಹೋದರು.

ಏಪ್ರಿಲ್ ಕೊನೆಯ ಹೊತ್ತಿಗೆ ಪೂನಂಳ ನೋಟ್‌ಬುಕ್ಕಿನಲ್ಲಿ ಅವರ ಹೆಸರಿಗೆ ಇಪ್ಪತ್ತನಾಲ್ಕು ಗೀಟುಗಳಾಗಿದ್ದವು. ಎಂದರೆ ನಾಲ್ಕು ದಿನದ ರಜೆ ಹೋಯಿತು. ಹತ್ತರಲ್ಲಿ ಆರು ಉಳಿಯಿತು. ಹೋಗಲು ಒಂದು ದಿನ, ಬರಲು ಒಂದು ದಿನ ಕಳೆದರೆ ಮಾವಿಗೆ ನಾಲ್ಕು.

ಮೇ ಮೊದಲ ಭಾನುವಾರ ನಿಧಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು ಶಾಲೆಯ ಪ್ರಾಜೆಕ್ಟ್ ಮಾಡುತ್ತಿದ್ದಳು. ಹನ್ನೊಂದನೆಯ ಕ್ಲಾಸು, ಕಂಪ್ಯೂಟರ್ ಒಂದು ವಿಷಯ. ಯಾವುದೋ ಸ್ಪ್ರೆಡ್‌ಶೀಟ್ ತೋರಿಸಬೇಕಂತೆ. ಅವಳಿಗೆ ನನ್ನ ಬಗ್ಗೆ ಬಹಳ ದಿನಗಳಿಂದ ಯಾವ ವಿಷಯದಲ್ಲೂ ಗೌರವ ಬಂದಿರಲಿಲ್ಲ. ಇದೇ ಸಮಯವೆಂದು ನಾನು ನನ್ನ ಹಾಜರಿ ಶೀಟನ್ನು ತೆರೆದು ಮುಂದಿಟ್ಟು, ಡಾಲರ್ ಎಂದರೆ ಮೊಳೆ ಎಂದು ಪಾಠ ಶುರುಮಾಡಿದೆ. ಅವಳು ಕೈಯಲ್ಲಿದ್ದ ಪರೋಟವನ್ನು ಬಾಯಿಗಿಟ್ಟುಕೊಂಡು, ಬಚ್ಚಿಟ್ಟ ಕಾಲಮ್ಮನ್ನು ತೆರೆದು, ಷರತ್ತಿನ ಪೆಟ್ಟಿಗೆಯನ್ನು ತೆರೆದು ನೋಡಿದಳು.

"ಅಮ್ಮ, ಇದು ಯಾಕೆ ಪೂರಾ ಕಾಲಮ್ಮಿಗೆ ಹಾಕಿದೀಯ?"

"ಮುಂದೆ ಸೇರೋರಿಗೂ ಆಗ್ಲಿ ಅಂತ."

"ಆದ್ರೆ ಫಾರ್ಮುಲಾದಲ್ಲಿ ಸೆಕೆಂಡ್ ರೋ ಇಂದ ಶುರು ಮಾಡಿದೀಯ. ಕಾಲಂ ತೋ ಫಸ್ಟ್ ರೋ ಇಂದ ಶುರು ಆಗತ್ತೆ ನಾ? ಫಸ್ಟ್ ರೋ ಸೆಕೆಂಡ್ ರೋನ ನೋಡತ್ತೆ, ಸೆಕೆಂಡ್ ರೋ ಥರ್ಡ್ ರೋನ ನೋಡತ್ತೆ. ಸಬ್ ಲೋಗ್ ಒಂದು ರೋ ನೀಚೆ ನೋಡ್ತಾ ಇದಾರೆ."

ಎಲ್ಲರೂ ತಮ್ಮ ಸಾಲು ಬಿಟ್ಟು ಕೆಳಗಿನ ಸಾಲು ನೋಡುತ್ತಿದ್ದಾರೆ ಎಂದರೆ ಏನೆಂದು ನನಗೆ ತಕ್ಷಣ ತಿಳಿಯಲಿಲ್ಲ. ಅವಳು ನನ್ನ ಹೆಸರಿನ ಮುಂದೆ ಹನ್ನೊಂದು ಗಂಟೆ ಎಂದು ಟೈಪು ಮಾಡಿದಳು. ನನ್ನ ಹೆಸರು ಬೆಳ್ಳಗೇ ಇತ್ತು. ಮೇಲಿನ ಹೆಸರು ಕೆಂಪಾಯಿತು.

"ಯೇ ರಫೀಕ್ ಅಂಕಲ್ ಯಾರು?" ಎಂದಳು ನಿಧಿ. "ನೀನು ಲೇಟ್ ಹೋದ್ರೆ ಅವರು ರೆಡ್ ಆಗ್ತಾರೆ."

ಆ ಪೆಟ್ಟಿಗೆಯಲ್ಲಿ ಎರಡು ಸಾಲುಗಳಿದ್ದವು. ಒಂದು, ಷರತ್ತು, ಇನ್ನೊಂದು, ಅದು ಯಾವುದಕ್ಕೆ ಅನ್ವಯ. ಜೀವನದಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ ಒಂದು, ಅನ್ವಯ. ಅದರಲ್ಲೇ ತಪ್ಪು ಮಾಡಿದ್ದೆ. ಪಟ್ಟಿಯಲ್ಲಿ ನನ್ನ ಕೆಳಗಿರುವವನು ಸ್ಟೋರ್‌ಕೀಪರ್ ತಿವಾರಿ. ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲೇ ಮನೆ, ಎಂಟಕ್ಕೆ ಬಂದು ಅಗರಬತ್ತಿ ಹಚ್ಚುತ್ತಾನೆ. ಅವನ ಪುಣ್ಯದಿಂದ ನಾನು ಬೆಳ್ಳಗಿದ್ದೆ, ನನ್ನ ಪಾಪದಿಂದ ಮಾಸ್ಟರ್‌ಜಿ ಕೆಂಪಾಗಿದ್ದರು. ಪೇಪರು ಓದುತ್ತಿದ್ದ ನನ್ನ ಗಂಡ ತಲೆಯೆತ್ತದೆ, "ಸರ್ಕಾರಿ ಆಫೀಸಿನಲ್ಲೂ ಹೀಗೇ, ಆದ್ರೆ ಅದಕ್ಕೆ ಕಂಪ್ಯೂಟರ್ ಬೇಕಾಗಲ್ಲ" ಎಂದರು.

ಸೋಮವಾರ ಎಂಟಕ್ಕೇ ಮನೆ ಬಿಡಬೇಕೆಂದು ನಿಶ್ಚಯಿಸಿದ್ದೆ. ಪ್ರಾಯಶ್ಚಿತ್ತಕ್ಕೆ ಹೊರಟವಳು ಗ್ಯಾಸು ನೋಡಿ, ಬಟ್ಟೆ ಮಡಿಸಿ, ಒಂಬತ್ತು ನಲವತ್ತೆರಡಕ್ಕೆ ತಲುಪಿದೆ. ದಾರಿಯಲ್ಲಿ ಏನು ಮಾಡಬೇಕೆಂದು ಯೋಚಿಸಿದ್ದೆ. ನೀವು ತಪ್ಪು ತಿಳಿಯಬೇಡಿ. ಎಲ್ಲರೆದುರು ಒಪ್ಪಿಕೊಳ್ಳುವ ವಿಚಾರ ನೋಯ್ಡಾವರೆಗೆ ಮಾತ್ರ ಇತ್ತು. ಗಾಡಿ ಬದಲಿಸುವಾಗ ಅದೂ ಬದಲಾಯಿತು. ಷರತ್ತಿನಲ್ಲಿ ಸಾಲಿನ ಎರಡು ಎಂಬ ಅಂಕಿಯನ್ನು ಒಂದು ಎಂದು ತಿದ್ದಿದರೆ ಮುಗಿಯಿತು. ಇವತ್ತಿನಿಂದಲೇ ಮಾಸ್ಟರ್‌ಜಿ ಬಿಳಿಯಾಗುತ್ತಾರೆ, ತಮ್ಮ ಗ್ರಹಚಾರ ಕಳೆಯಿತು ಎಂದು ಸಂತೋಷಪಡುತ್ತಾರೆ. ಹೋದ ನಾಲ್ಕು ದಿನ ಹೋಯಿತು. ಹಿಂದಿನದನ್ನು ಕೆದಕಿ ಪಾಪ ಅವರ ಮನಸ್ಸು ಯಾಕೆ ನೋಯಿಸಬೇಕು? ಹೀಗೆ ಅವರ ಮನಸ್ಸಿನ ಮೇಲೆ ಅಪಾರ ಕರುಣೆಯಿಟ್ಟು, ಯಾರೂ ನೋಡದಂತೆ ಅಂಕಿಯನ್ನು ತಿದ್ದಿದೆ. ನಾನು ಮರೆತದ್ದು ಒಂದನ್ನು. ಪಟ್ಟಿಯ ಮೊದಲ ಹೆಸರನ್ನು.

ಹತ್ತು ಗಂಟೆಗೆ ಟೀವಿ ಹೊತ್ತಿಕೊಂಡಿತು. ತಲೆಬರಹದ ಕೆಳಗೇ, ಎಲ್ಲರಿಗಿಂತ ಮೇಲೆ, ಭಾಟಿಯಾ ಸಾಹೇಬರ ಹೆಸರು ಕೆಂಪಗೆ ಬೆಳಗುತ್ತಿತ್ತು. ಕೆಳಗೆ ನನ್ನ ಹೆಸರೂ ಕೆಂಪಗಿತ್ತು, ಅದನ್ನು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಸಾಹೇಬರು ಟೀವಿಯನ್ನು ನೋಡಿದರು, ನನ್ನನ್ನು ನೋಡಿದರು. "ಶೈಲಾ ಜೀ, ಆಜ್ ಶೀಟ್ ಬೀಮಾರ್ ಹೈ ಕ್ಯಾ?"

"ಇಲ್ಲ ಸರ್. ಇವತ್ತು ಸರಿಯಾಗಿದೆ."

ಹೇಳಿದ ಮೇಲೆ ಗೊತ್ತಾಯಿತು, ಹೇಳಬಾರದಾಗಿತ್ತು. "ಅಂದ್ರೆ ಇಷ್ಟು ದಿನ ಸರಿಯಾಗಿರಲಿಲ್ಲವಾ?" ಎಂದರು ಸಾಹೇಬರು. "ಎಷ್ಟು ದಿನ?"

"ಮೂರು ತಿಂಗಳು ಸರ್. ಒಬ್ಬರ ಬಣ್ಣ ಅವರ ಮೇಲಿನವರಿಗೆ ಹೋಗ್ತಿತ್ತು."

"ನನ್ನ ಮೇಲೆ ಯಾರಿದಾರೆ?"

"ತಲೆಬರಹ, ಸರ್. ಅದು ಮೊದಲೇ ಕೆಂಪಾಗಿತ್ತು."

ಯಾರೂ ನಗಲಿಲ್ಲ. ತಿವಾರಿ ಮಾತ್ರ ಕೆಮ್ಮಿದ. ಪೂನಂ ತನ್ನ ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡಳು. ನಾನು ಬಾಗಿಲ ಕಡೆ ನೋಡಲಿಲ್ಲ. ಅಲ್ಲಿ ಮಾಸ್ಟರ್‌ಜಿ ನಿಂತಿದ್ದರು.

ಸಾಹೇಬರು ನನ್ನನ್ನು ತಮ್ಮ ಕ್ಯಾಬಿನ್ನಿಗೆ ಕರೆದರು. ಬೈಯುತ್ತಾರೆಂದು ಹೋದೆ. ಅವರು ನೀರು ಕುಡಿದು, "ನೋಡಿ, ಜನರಲ್ ಮ್ಯಾನೇಜರ್ ಡ್ಯೂಟಿ ಇಪ್ಪತ್ತನಾಲ್ಕು ಗಂಟೆ. ಬರೋ ಟೈಮಿಗೆ ಏನರ್ಥ?" ಎಂದು ಕೇಳಿದರು. ಅರ್ಥವಿಲ್ಲ ಎಂದೆ. "ಹಾಗಾದ್ರೆ ಹೇಗಿತ್ತೋ ಹಾಗೇ ಮಾಡಿ" ಎಂದರು.

ಆಗ ನನ್ನ ತಲೆ, ಹದಿಮೂರು ವರ್ಷಗಳಲ್ಲಿ ಮೊದಲ ಬಾರಿ, ಓಖ್ಲಾದ ವ್ಯಾಪಾರಿಗಳ ತಲೆಯ ಹಾಗೆ ಕೆಲಸ ಮಾಡಿತು. "ಹಾಗೇ ಮಾಡೋದು ಬೇಡ ಸರ್. ನಿಮ್ಮ ಹೆಸರನ್ನೇ ಷರತ್ತಿನಿಂದ ತೆಗೆದುಬಿಡ್ತೀನಿ, ಎರಡನೇ ಹೆಸರಿನಿಂದ ಶುರು ಮಾಡ್ತೀನಿ. ಆದ್ರೆ ನಿಯಮ ಬದಲಾಯಿಸಿದ್ರೆ ಒಂದು ನೋಟ್ ಹಾಕಬೇಕಾಗತ್ತೆ. ತಾಂತ್ರಿಕ ಕಾರಣದಿಂದ ಈ ಮೂರು ತಿಂಗಳ ಕೆಂಪೆಲ್ಲ ರದ್ದು, ಕತ್ತರಿಸಿದ ರಜೆ ವಾಪಸ್ ಅಂತ."

"ಎಲ್ಲರದ್ದೂ ಯಾಕೆ? ಯಾರದ್ದು ತಪ್ಪಾಗಿದೆಯೋ ಅವರದ್ದು ಮಾಡಿ. ನಿಜವಾಗಿ ಲೇಟಾದವರಿಗೆ ಹಾಕಿ."

"ಅದು ಆಗಲ್ಲ ಸರ್."

ಆಗುತ್ತಿತ್ತು. ದಿನಕ್ಕೊಂದರಂತೆ ಉಳಿಸಿಟ್ಟ ಶೀಟುಗಳ ಬಚ್ಚಿಟ್ಟ ಕಾಲಮ್ಮಿನಲ್ಲಿ ಸಮಯಗಳೆಲ್ಲ ಹಾಗೇ ಇದ್ದವು. ನಿಧಿಯಾದರೆ ಪರೋಟ ತಿನ್ನುತ್ತ ಮಾಡಿಬಿಡುತ್ತಿದ್ದಳು. ಹಾಗೆ ಮಾಡಿದ್ದರೆ ಆ ಇಪ್ಪತ್ತನಾಲ್ಕು ಗೀಟುಗಳು ಮಾಸ್ಟರ್‌ಜಿಯ ಹೆಸರಿನಿಂದ ಇಳಿದು ನೆಟ್ಟಗೆ ನನ್ನ ಹೆಸರಿಗೆ ಬರುತ್ತಿದ್ದವು. ಸಾಹೇಬರು ಟೀವಿಯಲ್ಲಿ ಕಂಡ ತಮ್ಮ ಹೆಸರನ್ನು ನೆನೆಸಿಕೊಂಡರೋ ಏನೋ, ಪೆನ್ನು ತೆಗೆದು ನಾನು ಬರೆದುಕೊಟ್ಟ ನೋಟಿಗೆ ಸಹಿ ಹಾಕಿದರು. ಹೀಗೆ ಒಬ್ಬ ನಿರಪರಾಧಿಗೆ ನ್ಯಾಯ ದೊರಕಿಸಿಕೊಟ್ಟೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಎರಡನೆಯ ಹಕ್ಕಿ ನಾನೇ ಆಗಿದ್ದು ನೋಟಿನಲ್ಲಿ ಬರೆಯುವ ವಿಷಯವಾಗಿರಲಿಲ್ಲ.

ಅದಾದ ಮೇಲೆ ಮಾದರಿ ಅಂಗಿಗಳನ್ನು ಮಾಡುವ ಸ್ಯಾಂಪ್ಲಿಂಗ್ ಕೋಣೆಗೆ ಹೋದೆ. ಮಾಸ್ಟರ್‌ಜಿ ಕಂದು ಕಾಗದದ ಮೇಲೆ ಒಂದು ತೋಳಿನ ಗೆರೆ ಎಳೆಯುತ್ತಿದ್ದರು. "ನಿಮ್ಮ ನಾಲ್ಕು ದಿನ ವಾಪಸ್ ಬಂತು. ತಪ್ಪು ನನ್ನದು. ನನ್ನ ಫಾರ್ಮುಲಾದ್ದು" ಎಂದೆ. ಫಾರ್ಮುಲಾವನ್ನು ಮಧ್ಯೆ ತಂದದ್ದು ಅಭ್ಯಾಸಬಲ.

ಅವರು ಗೆರೆ ಮುಗಿಸಿದರು. "ಅಂದ್ರೆ ನಾನು ಕೆಂಪಾದ ದಿನ ನೀವು ಲೇಟಾಗಿದ್ರಿ."

"ಹೌದು."

"ಬಹುತ್ ಲೇಟ್ ಹೋತೀ ಹೈಂ ಆಪ್" ಎಂದರು. ದೂರಿನ ದನಿಯಲ್ಲಿ ಅಲ್ಲ, ಅಳತೆ ಹೇಳುವವರ ದನಿಯಲ್ಲಿ. ಆಮೇಲೆ ಸೀಮೆಸುಣ್ಣವನ್ನು ಜೇಬಿಗಿಟ್ಟು ಹೇಳಿದರು: "ನಮ್ಮ ಅಬ್ಬಾಗೆ ಕೊನೆಕೊನೆಗೆ ಹೊತ್ತು ತಿಳೀತಿರಲಿಲ್ಲ ಮೇಡಂ. ಮಧ್ಯಾಹ್ನ ಎದ್ದು ಬೆಳಗಿನ ಚಹಾ ಕೇಳೋರು. ನನಗೂ ಶುರುವಾಯ್ತು ಅಂದುಕೊಂಡೆ. ಗಡಿಯಾರದಲ್ಲಿ ಎಂಟು ಅಂತ ನಾನು ನೋಡ್ತೀನಿ, ಆದ್ರೆ ಅದು ಎಂಟಲ್ವೇನೋ ಅಂತ. ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣು ಸರಿಯಿದೆ ಅಂದ್ರು. ಆಗ ಇನ್ನೂ ಹೆದರಿಕೆಯಾಯ್ತು. ಮನೇಲಿ ಯಾರಿಗೂ ಹೇಳಲಿಲ್ಲ."

ಕ್ಷಮೆ ಕೇಳಿದೆ, ಈ ಸಲ ಫಾರ್ಮುಲಾದ ಹೆಸರೆತ್ತಲಿಲ್ಲ. ಅವರು "ಚಲೋ, ಹೋಗ್ಲಿ" ಎಂದು ಕತ್ತರಿ ಕೈಗೆತ್ತಿಕೊಂಡರು. ಬಾಗಿಲು ದಾಟುವಾಗ ಕರೆದು ಒಂದು ಪ್ರಶ್ನೆ ಕೇಳಿದರು. "ಎಲ್ಲರ ಕೆಂಪೂ ರದ್ದಾಯ್ತು ಅಂದ್ರು. ನಿಮ್ಮದೂ?"

"ನನ್ನದು ಇರಲೇ ಇಲ್ಲವಲ್ಲ ಮಾಸ್ಟರ್‌ಜಿ" ಎಂದೆ. ಆ ಮೂರು ತಿಂಗಳ ಶೀಟಿನ ಪ್ರಕಾರ ಅದು ಸತ್ಯವೇ. ಅವರು ಕತ್ತರಿ ನಿಲ್ಲಿಸಿ ನನ್ನನ್ನು ಒಂದು ಕ್ಷಣ ನೋಡಿದರು. ಅಷ್ಟೇ.

ಜೂನಿನಲ್ಲಿ ಅವರು ಪೂರ್ತಿ ಹತ್ತು ದಿನ ಊರಿಗೆ ಹೋಗಿ ಬಂದರು. ಹಿಂದಿರುಗಿದ ಮೇಲೂ ಬೆಳಿಗ್ಗೆ ಬೇಗ ಬರುವ ಅಭ್ಯಾಸ ಅವರನ್ನು ಬಿಡಲಿಲ್ಲ. ಮುಂಚೆಯೇ ಬಂದು, ಒಂದಿಷ್ಟು ಕೆಲಸ ಮುಗಿಸಿ, ಚಹಾದ ಗ್ಲಾಸು ಹಿಡಿದು ಗೇಟಿನ ಬಳಿ ಬಿಸಿಲು ಬಾರದ ಕಡೆ ನಿಲ್ಲುತ್ತಾರೆ. ನನ್ನ ಹೆಸರು ಈಗ ವಾರಕ್ಕೆ ಎರಡು ದಿನ ನ್ಯಾಯವಾಗಿ ಕೆಂಪಾಗುತ್ತದೆ. ಪೂನಂ ಗೀಟು ಎಳೆಯುವ ಮೊದಲು ಬಚ್ಚಿಟ್ಟ ಕಾಲಮ್ಮನ್ನು ತೆರೆದು ನೋಡುತ್ತಾಳೆ. ಅದನ್ನು ಅವಳಿಗೆ ಕಲಿಸಿಕೊಟ್ಟವಳು ನಾನೇ, ಆದ್ದರಿಂದ ಜಗಳವಾಡುವ ಹಾಗೂ ಇಲ್ಲ.

ಮೊನ್ನೆ ಗೇಟಿಗೆ ಬಂದಾಗ ಒಂಬತ್ತು ಮೂವತ್ತೆಂಟು. ಗಾರ್ಡು ರಿಜಿಸ್ಟರು ತೆರೆದು, ನನ್ನ ಬೆವರಿದ ಮುಖ ನೋಡಿ, ದನಿ ತಗ್ಗಿಸಿ, "ಮೇಡಂ, ಇಪ್ಪತ್ತೆಂಟು ಬರೆಯಲಾ?" ಎಂದ. ಅವನು ನಿಜವಾಗಿಯೂ ಒಳ್ಳೆಯವನೇ. ನನ್ನ ಬಾಯಿ ಆಗಲೇ 'ಹೂಂ' ಎಂಬುದರ ಆಕಾರ ತಾಳಿತ್ತು. ಅಷ್ಟರಲ್ಲಿ ನಾಲ್ಕು ಮಾರು ದೂರದಲ್ಲಿ ಚಹಾ ಊದಿಕೊಳ್ಳುತ್ತ ನಿಂತಿದ್ದ ಮಾಸ್ಟರ್‌ಜಿ ಕಂಡರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಗ್ಲಾಸನ್ನು ನೋಡುತ್ತಿದ್ದರು. "ಬೇಡ ಭಯ್ಯಾ, ಮೂವತ್ತೆಂಟು ಅಂತಲೇ ಬರೀರಿ" ಎಂದೆ, ಗಾರ್ಡಿಗೆ ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ.

ಮಾಸ್ಟರ್‌ಜಿ ತಲೆಯೆತ್ತಲಿಲ್ಲ. ಗಾರ್ಡು ಬರೆದುಕೊಂಡು ಮುಂದಿನವನ ಕಡೆ ತಿರುಗಿದ. ಮೆಟ್ಟಿಲು ಹತ್ತುವಾಗ ನನಗೆ ಬಹಳ ಬೇಸರವಾಯಿತು. ಇಷ್ಟು ದೊಡ್ಡ ಪ್ರಾಮಾಣಿಕತೆಯನ್ನು ಒಬ್ಬರೂ ಗಮನಿಸಲಿಲ್ಲವಲ್ಲ. ಹತ್ತು ಗಂಟೆಗೆ ಗೋಡೆಯ ಮೇಲೆ ನಾನು ಉಳಿದ ಲೇಟುಗಾರರ ಜೊತೆ ಬರೀ ಕೆಂಪಾಗಿ ಕಾಣುತ್ತೇನೆ, ಸತ್ಯ ಹೇಳಿ ಕೆಂಪಾದವರಿಗೂ ಸುಮ್ಮನೆ ಕೆಂಪಾದವರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಇದು ಶೀಟಿನ ಲೋಪ ಅನ್ನಿಸಿತು. ಎರಡನೆಯ ಮಹಡಿ ತಲುಪುವ ಹೊತ್ತಿಗೆ, ತಾವಾಗಿಯೇ ನಿಜವಾದ ಸಮಯ ಹೇಳಿದವರ ಹೆಸರು ಕೆಂಪಿನ ಬದಲು ತಿಳಿ ಹಸಿರಾಗುವಂತೆ ಒಂದು ಷರತ್ತು ಮನಸ್ಸಿನಲ್ಲಿ ಅರ್ಧದಷ್ಟು ಬರೆದಾಗಿತ್ತು.